ಫ್ಯಾಮಿಲಿ ಅಂದರೆ ನಾನೊಬ್ಬಳೇ

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ನಮ್ಮವರು ಶ್ರೀನಿವಾಸಪುರದ ಹತ್ತಿರದ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ರೈತರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನನ್ನನ್ನು ಕರೆತರಲು ನನ್ನ ತವರು ಮಾಲೂರಿಗೆ ಹೊರಟಾಗ ಆ ಮನೆಯಾಕೆಗೆ, "ಭಾನುವಾರ ಫ್ಯಾಮಿಲಿ ಕರ್ಕೊಂಡು ಬರ್ತೀನಮ್ಮ" ಎಂದಷ್ಟೇ ಹೇಳಿದ್ದರಂತೆ. ಹೆಂಡತಿ ಅನ್ನಲು ಅವರಿಗೆ ನಾಚಿಕೆ.

ನಾವು ಬಸ್ಸಿಳಿದು ಮನೆ ಸೇರಿದಾಗ ಮಧ್ಯಾಹ್ನ. ಜಗಲಿಯ ಮೇಲೆ ಮೂರು ಚಾಪೆ ಹಾಸಿತ್ತು. ಒಳಗಿನಿಂದ ಅವರೆಕಾಳು ಸಾರಿನ ಘಮ. ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವರು ನನ್ನನ್ನು ದಾಟಿ ಬೀದಿಯ ಕಡೆ ನೋಡಿದರು.

"ಮಿಕ್ಕೋರು ಹಿಂದೆ ಬರ್ತಿದಾರಾ ಮೇಷ್ಟ್ರೇ?"

"ಯಾರಮ್ಮ?"

"ಫ್ಯಾಮಿಲಿ! ಆಸ್ಪತ್ರೆ ಗೋಡೆ ಮೇಲೆ ಫ್ಯಾಮಿಲಿ ಪ್ಲಾನಿಂಗ್ ಅಂತ ಚಿತ್ರ ಬರ್ದಿದಾರಲ್ಲ, ಗಂಡ, ಹೆಂಡ್ತಿ, ಮಕ್ಳು, ಎಲ್ಲಾ."

ನಮ್ಮವರ ಕಿವಿ ಕೆಂಪಾಯಿತು. "ಇವಳೇ ಕಣಮ್ಮ ಫ್ಯಾಮಿಲಿ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಗ ನಾನು ತುಂಬ ಸಣಕಲು. "ಅಯ್ಯೋ ದೇವುಡಾ, ಇಷ್ಟೇನಾ? ಎಂಟು ಜನಕ್ಕೆ ಮುದ್ದೆ ಮಾಡಿದೀನಲ್ಲ!"

ಬಾರದೆ ಹೋದವರ ಪಾಲಿನಲ್ಲಿ ಎಷ್ಟೋ ಭಾಗ ನನ್ನ ತಟ್ಟೆಗೇ ಬಿತ್ತು. ಬೇಡವೆನ್ನುವ ಧೈರ್ಯ ಹೊಸ ಮದುವಣಗಿತ್ತಿಗೆ ಎಲ್ಲಿಂದ ಬರಬೇಕು?

ಆದರೆ ಆ ಪದ ಆಕೆಗೆ ಬಹಳ ಹಿಡಿಸಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸು. ಇನ್ನೊಂದು ವಾರಕ್ಕೆ ಯಾರೋ ಯಜಮಾನರನ್ನು ಕೇಳಿಕೊಂಡು ಬಂದಾಗ ಗಟ್ಟಿಯಾಗಿ ಹೇಳಿದರು: "ನಮ್ ಫ್ಯಾಮಿಲಿ ರೇಷ್ಮೆ ಹುಳಕ್ಕೆ ಸೊಪ್ಪು ತರೋಕೆ ಹೋಗಿದಾರೆ."

ನಮ್ಮವರೊಳಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಹಂಗನ್ನಬಾರದಮ್ಮ. ಫ್ಯಾಮಿಲಿ ಅಂತ ಹೆಂಗಸರಿಗೆ ಹೇಳೋದು."

"ಯಾಕೆ, ಗಂಡಸರು ಸಂಸಾರಕ್ಕೆ ಸೇರಲ್ವಾ?"

ನಮ್ಮವರು ಒಳಗೆ ಹೋಗಿ ನಿಘಂಟು ತೆರೆದರು. ಬಹಳ ಹೊತ್ತು ಓದಿದರು. ಅದರಲ್ಲಿ ಹೆಂಡತಿ ಎಂಬ ಅರ್ಥ ಸಿಗಲಿಲ್ಲವೆಂದು ಮುಖ ನೋಡಿಯೇ ನನಗೆ ತಿಳಿಯಿತು. ಪುಸ್ತಕ ಮುಚ್ಚಿ ಕಾಫಿ ಕೇಳಿದರು. ನನಗೆ ನಗು ತಡೆಯಲಾಗದೆ ಕಾಫಿ ಅರ್ಧ ಚೆಲ್ಲಿತು.

ಸಂಜೆ ಯಜಮಾನರು ಸೊಪ್ಪಿನ ಹೊರೆ ಇಳಿಸುವಷ್ಟರಲ್ಲಿ ಸುದ್ದಿ ಅವರ ಕಿವಿಗೆ ಬಿದ್ದಿತ್ತು. "ಏನೇ, ನಂಗೆ ಫ್ಯಾಮಿಲಿ ಅಂದ್ಯಂತೆ? ಬೈಗುಳಾನಾ?"

"ಇಂಗ್ಲಿಷ್ ರೀ. ಮರ್ಯಾದೆ ಮಾತು."

"ಹಂಗಾದ್ರೆ ಅನ್ನು," ಎಂದು ಅವರು ಕಾಲು ತೊಳೆಯಲು ಹೋದರು.