ಮಾರ್ಕೆಟ್ಟಿನ ಎದುರಿನ ಹೋಟೆಲು

ಆ ಡಿಸೆಂಬರಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಮಾತು. ಅಕ್ಕ ‘ಹೂಂ, ಇರ್ತೀನಿ’ ಅನ್ನಬೇಕಿತ್ತು. ಆ ಮಾತನ್ನು ಅವಳ ಬಾಯಿಂದ ಹೊರಡಿಸಲೆಂದೇ ನಾನು ದುಬೈಯಲ್ಲಿ ಹೋಟೆಲ್ ಹುಡುಕಲು ಕೂತಿದ್ದೆ.

ಅಕ್ಕ ಹುಬ್ಬಳ್ಳಿಯಿಂದ ಅಬುಧಾಬಿಯ ನಮ್ಮ ಮನೆಗೆ ವಿಸಿಟ್ ವೀಸಾದ ಮೇಲೆ ಬಂದಿದ್ದಳು. ನನಗಿಂತ ಬಹಳ ದೊಡ್ಡವಳು. ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಿದ್ದರಿಂದ ನನ್ನ ಜಡೆ ಹೆಣೆದವಳು, ಕಾಲೇಜಿಗೆ ಕಳಿಸಿದವಳು, ಮುಂದೆ ನಿಂತು ಮದುವೆ ಮಾಡಿಕೊಟ್ಟವಳು ಅವಳೇ. ತಾನು ಮಾತ್ರ ಮದುವೆಯ ಗೊಡವೆಗೆ ಹೋಗಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದಳು. ಜೀವಮಾನವೆಲ್ಲ ನಿಂತುಕೊಂಡೇ ಕೆಲಸ ಮಾಡಿದವಳಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ನಾಲ್ಕು ವರ್ಷ ಮನೆಯಲ್ಲಿದ್ದೆ. ಕೊನೆಗೂ ಒಂದು ಕ್ಲಿನಿಕ್ಕಿನವರು ಜನವರಿಯಿಂದ ಬನ್ನಿ ಎಂದಿದ್ದರು. ಆದರೆ ನನ್ನ ಪಾಳಿ ಸಂಜೆಯದು, ಮಗಳ ನರ್ಸರಿ ಮುಚ್ಚುವುದು ಮಧ್ಯಾಹ್ನ, ಗಂಡನದು ಸೈಟಿನ ಕೆಲಸ, ಅದಕ್ಕೆ ಹೊತ್ತುಗೊತ್ತು ಇಲ್ಲ. ಗುರುತು ಪರಿಚಯ ಇಲ್ಲದವರ ಕೈಗೆ ಮಗುವನ್ನು ಕೊಡಲು ನನಗೆ ಧೈರ್ಯವಿರಲಿಲ್ಲ. ಈ ಅವಕಾಶವೂ ಕೈತಪ್ಪಿದರೆ ಮತ್ತೆ ಲೈಸೆನ್ಸಿನ ತಕರಾರು, ಮತ್ತೆ ಪರೀಕ್ಷೆ. ಅಕ್ಕ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳ ಲೆಕ್ಕ.

ಅಕ್ಕ ಇಲ್ಲ ಎಂದಿರಲಿಲ್ಲ, ಹೂಂ ಎಂದೂ ಇರಲಿಲ್ಲ. ಅಲ್ ರೀಮ್ ಐಲ್ಯಾಂಡಿನ ನಮ್ಮ ಟವರಿನ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುವಳು, ಒಳಗೆ ಬರುವಳು, ಮತ್ತೆ ಹೋಗಿ ನಿಲ್ಲುವಳು. ಲಿಫ್ಟಿನಿಂದ ಕಾರು, ಕಾರಿನಿಂದ ಮಾಲು, ಮಾಲಿನಿಂದ ಮತ್ತೆ ಲಿಫ್ಟು. ಕೆಳಗೆ ಚಂದದ ಪಾರ್ಕ್ ಇದೆಯಲ್ಲ, ಅಲ್ಲಿ ನಡೆ ಎಂದೆ. ಎರಡು ದಿನ ಹೋಗಿ ಬಂದಳು.

“ಗಾಣದ ಎತ್ತಿನಂಗ ಸುತ್ತು ಹಾಕೋದು ನಡಿಯೋದಲ್ಲ,” ಎಂದಳು. “ನಡಿಯೋದು ಅಂದ್ರ ಒಂದ್ ಕಡೆ ಹೊಂಟು ಇನ್ನೊಂದ್ ಕಡೆ ಮುಟ್ಟಬೇಕು. ಕಾಲ್ ನೆಲಕ್ಕ ಹತ್ತದ ಊರಾಗ ನಾ ಹೆಂಗ ಇರ್ಲಿ?”

ಅದಕ್ಕೇ ನನಗೆ ದುಬೈಯ ಕ್ರಿಸ್‌ಮಸ್ ಮಾರ್ಕೆಟ್ಟಿನ ಯೋಚನೆ ಬಂದದ್ದು. ಇಲ್ಲಿ ಚಳಿಗಾಲದಲ್ಲಿ ಬಯಲಿನಲ್ಲಿ ಮರದ ಗೂಡಂಗಡಿಗಳನ್ನು ಸಾಲಾಗಿ ಹಾಕುತ್ತಾರೆ. ದೀಪ, ಹಾಡು, ತಿಂಡಿ, ಯಂತ್ರದಿಂದ ಉದುರಿಸುವ ನೊರೆಯ ಹಿಮ. ಯಾವ ಧರ್ಮದವರು, ಯಾವ ದೇಶದವರು ಎಂಬುದಿಲ್ಲದೆ ಎಲ್ಲರೂ ಕಾರು ಬಿಟ್ಟು ಕಾಲಲ್ಲಿ ನಡೆಯುತ್ತಾರೆ. ಅದರ ಪಕ್ಕದಲ್ಲೇ ಒಂದು ಹೋಟೆಲ್ ಹಿಡಿದರೆ ಅಕ್ಕ ತನಗೆ ಬೇಕೆಂದಾಗ ತಾನೇ ಹೊರಟು ನಡೆದು ಹೋಗಬಹುದು, ತಾನೇ ಬರಬಹುದು. ಎರಡು ದಿನ ಹಾಗೆ ಓಡಾಡಿದರೆ ಮನಸ್ಸು ಕರಗೀತು ಎಂದು ನನ್ನ ಹಂಚಿಕೆ.

ಗಂಡನಿಗೆ ಇದು ಹಿಡಿಸಲಿಲ್ಲ. “ನೈಫ್‌ನಾಗ ರೂಮ್ ತಗೊಳ್ಳೋಣು,” ಎಂದ. “ದುಬೈನ ಹಳೇ ಪ್ಯಾಟಿ ಅದು, ಓಣಿ ಓಣಿ ಬಜಾರ ಐತಿ. ಅಕ್ಕಾರು ಚಪ್ಪಲಿ ಸವೆಯೂವಂಗ ಅಡ್ಡಾಡ್ತಾರ.”

“ದುಬೈಗೆ ಬಂದು ಮತ್ತ ಅದೇ ಸಂತಿ ನೋಡಬೇಕೇನ್ರೀ?” ಎಂದು ಬಾಯಿ ಮುಚ್ಚಿಸಿದೆ. ಅವನ ಮಾತಿನಲ್ಲಿ ಹುರುಳಿದೆ ಎಂದು ಗೊತ್ತಾದಾಗಲೇ ನನಗೆ ಸಿಟ್ಟು ಹೆಚ್ಚು. ಮೇಲಾಗಿ ಮಗಳಿಗೆ ಹಿಮ ತೋರಿಸುವುದಾಗಿ ಮಾತು ಕೊಟ್ಟಾಗಿತ್ತು.

ಮೂರು ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಒಂದರಲ್ಲಿ ರೂಮು ಚಂದ, ಮಾರ್ಕೆಟ್ ದೂರ. ಇನ್ನೊಂದು ಹತ್ತಿರ, ಆದರೆ ಕೆಳಗಡೆ ಬಾರು, ಅಕ್ಕ ಮುಖ ಸಿಂಡರಿಸುವುದು ಖಂಡಿತ. ಕೊನೆಗೆ ಒಂದು ಸಿಕ್ಕಿತು. ಮ್ಯಾಪಿನಲ್ಲಿ ಹೋಟೆಲಿನ ಚುಕ್ಕೆಗೂ ಮಾರ್ಕೆಟ್ಟಿನ ಚುಕ್ಕೆಗೂ ನಡುವೆ ಒಂದು ಬೆರಳು ಇಡುವಷ್ಟು ಜಾಗ. ಕಿಟಕಿಯಿಂದ ದೊಡ್ಡ ಕ್ರಿಸ್‌ಮಸ್ ಮರ ಕಾಣುವ ಫೋಟೋ ಬೇರೆ. ನಡುವೆ ಒಂದು ರಸ್ತೆಯ ಗೆರೆ ಇತ್ತು. ಇರಲಿ, ದಾಟಿದರಾಯಿತು ಎಂದುಕೊಂಡೆ. ಇಷ್ಟು ವರ್ಷ ಈ ದೇಶದಲ್ಲಿದ್ದು ಹಾಗೆ ಅಂದುಕೊಂಡದ್ದು ಹೇಗೆ ಎಂದು ಈಗಲೂ ಆಶ್ಚರ್ಯ. ಕಾರಿನಲ್ಲೇ ಓಡಾಡಿದವಳಿಗೆ ರಸ್ತೆ ಎಂದರೆ ಅದರ ಉದ್ದ ಮಾತ್ರ ಗೊತ್ತು, ಅಗಲ ಗೊತ್ತಿಲ್ಲ.

ಗಂಡ ನಮ್ಮನ್ನು ಹೋಟೆಲಿನಲ್ಲಿ ಇಳಿಸಿ, ಊರಾಚೆ ಒಂದು ಸೈಟು ನೋಡಿಕೊಂಡು ಸಂಜೆಗೆ ಬರುತ್ತೇನೆಂದು ಹೋದ. ರೂಮಿನ ಕೀ ಕೊಡುತ್ತಿದ್ದ ರಿಸೆಪ್ಷನ್ ಹುಡುಗಿಯನ್ನು, ಮಾರ್ಕೆಟ್ಟಿಗೆ ನಡೆಯುವ ದಾರಿ ಯಾವುದು ಎಂದು ಕೇಳಿದೆ. ಅವಳು ನಕ್ಕಳು. ದಾರಿ ಇಲ್ಲ ಮೇಡಂ, ನಡುವೆ ಇರುವುದು ಹೈವೇ, ಟ್ಯಾಕ್ಸಿಯಲ್ಲಿ ಹೋಗಿ ದೂರದಲ್ಲಿ ಯೂ ಟರ್ನ್ ತೆಗೆದುಕೊಂಡು ಬರಬೇಕು, ನಡೆದು ದಾಟಿದರೆ ಪೊಲೀಸರು ದಂಡ ಹಾಕುತ್ತಾರೆ ಎಂದಳು. ಅಕ್ಕ ದೂರದ ಸೋಫಾದ ಹತ್ತಿರ ನಿಂತಿದ್ದರಿಂದ ಅವಳಿಗೆ ಇದು ಕೇಳಿಸಲಿಲ್ಲ. ನಾನೂ ಹೇಳಲಿಲ್ಲ. ಹೇಗೆ ಹೇಳಲಿ? ಅವಳ ‘ಇಲ್ಲ’ ಎಂಬ ಮಾತನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟಂತೆ ಆಗುತ್ತಿತ್ತು.

ಹನ್ನೊಂದನೇ ಮಹಡಿಯ ರೂಮಿಗೆ ಹೋದ ಕೂಡಲೇ ಅಕ್ಕ ಕಿಟಕಿಗೆ ಅಂಟಿಕೊಂಡಳು. ಸಂಜೆಯಾಗುತ್ತಿತ್ತು. ಎದುರಿನ ಆ ದೊಡ್ಡ ಮರದ ದೀಪಗಳು ಹೊತ್ತಿದವು.

“ಅಲ್ಲೇ ಐತಲ್ಲಲೇ! ಕೈ ಚಾಚಿದರ ಸಿಗೂವಂಗ ಐತಿ,” ಎಂದಳು. ಬಂದು ಇಷ್ಟು ದಿನಕ್ಕೆ ಮೊದಲ ಸಲ ಅವಳ ದನಿಯಲ್ಲಿ ಹುರುಪು ಕೇಳಿದೆ.

ಮಗಳ ತಲೆಗೆ ನೀರು ಹಾಕಿ ಕೂದಲು ಒಣಗಿಸುತ್ತ, ಅಕ್ಕನಿಗೆ ಹೇಗೆ ಹೇಳುವುದೆಂದು ಬಾತ್‌ರೂಮಿನಲ್ಲೇ ಮಾತು ಹೊಂದಿಸುತ್ತಿದ್ದೆ. ಹೊರಗೆ ಬಂದಾಗ ರೂಮಿನಲ್ಲಿ ಅಕ್ಕ ಇರಲಿಲ್ಲ. ಅವಳ ಫೋನು ಮಂಚದ ಪಕ್ಕದಲ್ಲಿ ಚಾರ್ಜಿಗೆ ಹಾಕಿದಂತೆಯೇ ಇತ್ತು. ಚಪ್ಪಲಿ ಇರಲಿಲ್ಲ.

“ದೊಡ್ಡವ್ವ ಎಲ್ಲಿ?” ಎಂದು ನನ್ನ ಜೊತೆಯಲ್ಲೇ ಇದ್ದ ಮಗಳನ್ನು ಕೇಳಿದೆ.

ಮಗಳು ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಮೂಗು ಒತ್ತಿ ನಿಂತಳು. ನರ್ಸರಿಯ ಇಂಗ್ಲಿಷಿನಲ್ಲಿ “ದೇರ್,” ಎಂದು ಬೆರಳು ತೋರಿಸಿದಳು.

ಕೆಳಗೆ, ಹೈವೇಯ ಅಂಚಿನಲ್ಲಿ, ಬದನೆಕಾಯಿ ಬಣ್ಣದ ಸೀರೆ. ಅಕ್ಕ ಬಲಗೈಯನ್ನು ಅಂಗೈ ಮುಂದೆ ಮಾಡಿ ನೀಟಾಗಿ ಎತ್ತಿ ಹಿಡಿದಿದ್ದಳು. ಆ ಕೈಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹುಬ್ಬಳ್ಳಿಯ ಬಸ್ ನಿಲ್ದಾಣದ ಮುಂದೆ, ಲಾರಿ, ಆಟೋ, ಟಂಟಂಗಳ ನಡುವೆ, ಬಸ್ಸಿನಿಂದ ಇಳಿದು ಹಾಗೆ ಕೈ ಎತ್ತಿದರೆ ಎಲ್ಲ ನಿಲ್ಲುತ್ತಿದ್ದವು. ಅವಳ ಬಸ್ಸು ಆರಾಮಾಗಿ ಹಿಂದೆ ಸರಿದು ತಿರುಗುತ್ತಿತ್ತು. ನಮ್ಮೂರಿನಲ್ಲಿ ರಸ್ತೆ ದಾಟುವುದೆಂದರೆ ಅಷ್ಟೇ, ಕೈ ಎತ್ತುವುದು, ಹೆಜ್ಜೆ ಇಡುವುದು. ಗಾಡಿಯವನು ಬೈದುಕೊಂಡಾದರೂ ನಿಲ್ಲಿಸುತ್ತಾನೆ.

ಇಲ್ಲಿ ಒಂದೂ ನಿಲ್ಲಲಿಲ್ಲ. ಕಾರುಗಳು ಬಾಣದಂತೆ ಹೋಗುತ್ತಿದ್ದವು. ಅಕ್ಕ ಒಂದು ಕಾಲನ್ನು ರಸ್ತೆಗೆ ಇಳಿಸಿದಳು. ನಾನು ಕಿಟಕಿಯ ಗಾಜನ್ನು ಗುದ್ದಿದೆ. “ಅಕ್ಕಾ, ಬ್ಯಾಡ! ಅಕ್ಕಾ!” ಎಂದು ಕಿರುಚಿದೆ. ತೆರೆಯಲು ಬಾರದ ಗಾಜು, ನನ್ನ ದನಿ ನನಗೇ ವಾಪಸ್ ಬಂತು. ಮಗಳು ಹೆದರಿ ಅಳಲು ಶುರು ಮಾಡಿದಳು.

ಆಗ ಒಂದು ಟ್ಯಾಕ್ಸಿ ಬದಿಗೆ ಬಂದು ಗಕ್ಕನೆ ನಿಂತಿತು. ಅಕ್ಕ ಬಗ್ಗಿ ಏನೋ ಹೇಳಿದಳು, ಎದುರಿಗೆ ಕೈ ತೋರಿಸಿದಳು. ಹಿಂದಿನ ಬಾಗಿಲು ತೆರೆಯಿತು. ಅವಳು ಹತ್ತಿದಳು. ಟ್ಯಾಕ್ಸಿ ಸಾಲಿನಲ್ಲಿ ಸೇರಿ ಕಣ್ಣಿಗೆ ಕಾಣದಂತಾಯಿತು.

ಫೋನಿಲ್ಲ. ಕೈಯಲ್ಲಿ ದಿರ್ಹಮ್ ಇಲ್ಲ. ಹೋಟೆಲಿನ ಹೆಸರು ಕೇಳಿದರೆ ಅವಳಿಗೆ ಹೇಳಲು ಬಾರದು, ನಮ್ಮ ನಂಬರು ಬಾಯಿಪಾಠ ಇಲ್ಲ. ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಓಡಿದೆ. ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತಿತು. ಪ್ರತಿ ಮಹಡಿಯಲ್ಲೂ ಸೆಂಟು ಪೂಸಿಕೊಂಡ ನಗುನಗುತ್ತಿರುವ ಜನ ಹತ್ತಿದರು. ಅವರ ನಗು ನೋಡಿ ಮೈ ಉರಿಯಿತು. ಗಂಡನಿಗೆ ಫೋನ್ ಮಾಡಿದೆ. ಟ್ಯಾಕ್ಸಿ ನಂಬರ್ ಏನು ಎಂದು ಕೇಳಿದ.

“ಹನ್ನೊಂದನೇ ಮಹಡಿಯಿಂದ ನಂಬರ್ ಕಾಣ್ತದೇನ್ರೀ?” ಎಂದು ಕೂಗಿ ಕತ್ತರಿಸಿದೆ.

ಕೆಳಗೆ ಸಿಕ್ಕ ಮೊದಲ ಟ್ಯಾಕ್ಸಿ ಹತ್ತಿ ಮಾರ್ಕೆಟ್ ಎಂದೆ. ಅಕ್ಕ ಕೈ ತೋರಿಸಿದ್ದು ಅತ್ತಲೇ, ಬೇರೆ ಎಲ್ಲಿ ಹುಡುಕಬೇಕೆಂದೂ ತಿಳಿಯಲಿಲ್ಲ. “ಯಲ್ಲಾ ಭಾಯ್, ಜಲ್ದಿ,” ಎಂದು ಅವಸರ ಮಾಡಿದೆ. ಆದರೆ ರಸ್ತೆ ನಮ್ಮನ್ನು ಮಾರ್ಕೆಟ್ಟಿನಿಂದ ದೂರ, ಮತ್ತೂ ದೂರ ಒಯ್ದಿತು. ಆಮೇಲೆ ಸಿಗ್ನಲ್, ಸೇತುವೆ, ತಿರುವು, ಮತ್ತೆ ಸಿಗ್ನಲ್. ಕೈ ಚಾಚಿದರೆ ಸಿಗುವಂಥದ್ದನ್ನು ಮುಟ್ಟಲು ಅರ್ಧ ಊರು ಸುತ್ತಬೇಕಾಯಿತು. ಅಕ್ಕ ನಡುದಾರಿಯಲ್ಲಿ ಇಳಿದಿದ್ದರೆ? ಮತ್ತೆ ದಾಟಲು ಹೋಗಿದ್ದರೆ? ಜನವರಿ, ಕ್ಲಿನಿಕ್ಕು, ಲೈಸೆನ್ಸು ಎಲ್ಲ ನನ್ನ ತಲೆಯಿಂದ ಹಾರಿಹೋಗಿತ್ತು. ಅಕ್ಕ ಜೀವಂತ ಸಿಗಲಿ, ನಾಳೆಯೇ ಊರಿಗೆ ಕಳಿಸಿಕೊಡುತ್ತೇನೆ ಎಂದು ಕಾಣದ ದೇವರಿಗೆಲ್ಲ ಹೇಳಿಕೊಂಡೆ.

ಮಾರ್ಕೆಟ್ಟಿನ ಗೇಟಿನ ಹತ್ತಿರ ಜನ ಇಳಿಯುವ ಜಾಗದಲ್ಲಿ ಒಂದು ಟ್ಯಾಕ್ಸಿ ಬದಿಗೆ ನಿಂತಿತ್ತು. ಹೊರಗೆ ಗಡ್ಡದ ಡ್ರೈವರ್ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದ. ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಅಕ್ಕ ಕೂತಿದ್ದಳು. ನಾನು ಓಡಿ ಹೋದೆ. ನನ್ನ ಕಾಲಲ್ಲಿ ಹೋಟೆಲಿನ ಬಿಳಿ ಬಟ್ಟೆಯ ಚಪ್ಪಲಿ, ಅದೂ ಒಂದೇ. ಇನ್ನೊಂದು ಎಲ್ಲಿ ಬಿತ್ತೋ ಗೊತ್ತಿಲ್ಲ.

“ನಿಮ್ಮವರೇನು?” ಎಂದು ಡ್ರೈವರ್ ಹಿಂದಿಯಲ್ಲಿ ಕೇಳಿದ. “ಖಲಾಸ್, ಪೈಸೆ ಮಾಫಿ, ಹೋಗಿ ಮಾತಾಜಿ ಅಂತ ಎಷ್ಟು ಸಲ ಹೇಳಿದರೂ ಇಳಿಯುತ್ತಿಲ್ಲ. ರಸ್ತೆಯಲ್ಲಿ ಸಾಯುತ್ತಿದ್ದರು, ಅದಕ್ಕೇ ಹತ್ತಿಸಿಕೊಂಡೆ.”

“ಟಿಕೆಟ್ ರೊಕ್ಕ ಕೊಡದ ನಾ ಹೆಂಗ ಇಳೀಲಿ?” ಎಂದಳು ಅಕ್ಕ, ನನ್ನ ಕಡೆ ನೋಡಿ. “ಜೀವನಪೂರ್ತಿ ಪುಕ್ಕಟೆ ಹತ್ತಿದವರನ್ನ ಬೈದು ಇಳಿಸೀನಿ ನಾ.”

ಡ್ರೈವರಿಗೆ ದುಡ್ಡು ಕೊಟ್ಟೆ. ಅಕ್ಕ ಇಳಿದಳು. ಆಮೇಲೆ ನನ್ನ ಬಾಯಿಗೆ ಲಗಾಮು ಇರಲಿಲ್ಲ.

“ಹೇಳಿ ಹೋಗಾಕ ಏನಾಗಿತ್ತು ನಿನಗ? ಸತ್ತಿದ್ದರ ಏನ್ ಮಾಡಬೇಕಿತ್ತು ನಾ? ಇದೇನ್ ಹುಬ್ಬಳ್ಳಿ ಅನ್ಕೊಂಡಿಯೇನ, ಕೈ ಮಾಡಿದ ಕೂಡಲೇ ನಿಲ್ಲಾಕ?”

“ಬಾಗಲಾ ಬಡದು ಹೇಳೀನಿ. ಒಳಗ ಆ ಕೂದಲ ಒಣಗಿಸೂ ಮಷೀನು ಗುಂಯ್ ಅಂತಿತ್ತು.”

ಹುಟ್ಟಿದಾಗಿನಿಂದ ಅಕ್ಕನಿಗೆ ಎದುರು ಮಾತಾಡಿದವಳಲ್ಲ ನಾನು. ಇನ್ನೂ ಏನೇನೋ ಬೈದೆ. ಬೈಯುತ್ತಲೇ ಅಳು ಒತ್ತರಿಸಿ ಬಂತು. ಗೇಟಿನ ಹತ್ತಿರ, ಕೆಂಪಂಗಿ, ಬಿಳಿ ಗಡ್ಡದ ಕ್ರಿಸ್‌ಮಸ್ ತಾತನ ವೇಷದವನ ಪಕ್ಕದಲ್ಲಿ, ಮಗುವನ್ನು ಎತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಮಗಳನ್ನು ನನ್ನ ಸೊಂಟದಿಂದ ತೆಗೆದು ತನ್ನ ಸೊಂಟಕ್ಕೆ ಹಾಕಿಕೊಂಡಳು. ಸೆರಗಿನಿಂದ ಮೊದಲು ಅವಳ ಮೂಗು ಒರೆಸಿದಳು, ಆಮೇಲೆ ನನ್ನದು.

ಒಳಗೆ ಹೋದೆವು. ಅಕ್ಕ ಒಂದಿಷ್ಟು ನಡೆದಳು. ಆದರೆ ಅವಳ ಗಮನ ದೀಪಗಳ ಮೇಲೆ ಇರಲಿಲ್ಲ. ಒಂದು ಬೆಂಚಿನಲ್ಲಿ ಕೂತೆವು. ನೊರೆಯ ಹಿಮ ಬೀಳತೊಡಗಿದಾಗ ಮಗಳು “ದೊಡ್ಡವ್ವ, ಲುಕ್, ಸ್ನೋ!” ಎಂದು ಅವಳ ತೊಡೆಯ ಮೇಲೆಯೇ ಕುಣಿದಳು.

ಈಗ ಹೇಳುತ್ತಾಳೆ, ಹುಬ್ಬಳ್ಳಿಗೆ ಟಿಕೆಟ್ ಮಾಡು ಅನ್ನುತ್ತಾಳೆ ಎಂದು ನಾನು ಕಾದೆ. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಮಾಡ್ತೀನಿ ಅಕ್ಕ, ನಾಳೆಯೇ.

“ಟ್ಯಾಕ್ಸಿಯಾಗ ಕುಂತು ನೋಡಿದೆ ನಾ, ನೀ ಓಡಿ ಬರೋದನ್ನ,” ಎಂದಳು. “ಒಂದ್ ಕಾಲಾಗ ಚಪ್ಪಲಿ ಇಲ್ಲ, ಕೂಸು ಅಳಾಕತ್ತೇತಿ, ನಿನ್ನ ಜೋಡಿ ಒಂದ್ ಆಳಿಲ್ಲ. ಇಷ್ಟ್ ವರ್ಷ ಹಿಂಗ ಒಬ್ಬಾಕಿನ ಓಡಾಡಾಕತ್ತಿದ್ದೇನ? ಫೋನಿನಾಗ ಒಂದ್ ದಿನ ಹೇಳಲಿಲ್ಲ. ಬರೇ ಸಮುದ್ರದ ಫೋಟೋ ಕಳಸ್ತಿದ್ದಿ.”

ಅವಳು ಹೇಳಿದ್ದು ನಿಜ. ಜ್ವರ ಬಂದು ಮಲಗಿದ ದಿನವೂ ನಾನು ಕಳಿಸಿದ್ದು ಸಮುದ್ರದ ಫೋಟೋವನ್ನೇ.

“ಕೆಲಸಕ್ಕ ಹೋಗು ನೀ. ನಾ ಇರ್ತೀನಿ,” ಎಂದಳು ಅಕ್ಕ. ಮಗಳ ಕೂದಲಿನಿಂದ ನೊರೆ ಕೊಡವಿದಳು. “ಆದರ ಒಂದ್ ಮಾತು. ನಿಮ್ಮ ಅಬುಧಾಬಿಗೆ ವಾಪಸ್ ಹೋದ ಕೂಡಲೇ ನನಗ ಬಸ್ ಹತ್ತೋದು ತೋರಿಸಬೇಕು. ಯಾವ ನಂಬರ್ ಎಲ್ಲಿಗೆ ಹೋಗ್ತೈತಿ, ಎಲ್ಲಿ ನಿಲ್ತೈತಿ, ಎಲ್ಲಾ.”

ಹೂಂ ಎಂದೆ. ಇಷ್ಟು ವರ್ಷಗಳಲ್ಲಿ ನಾನೇ ಇಲ್ಲಿ ಒಂದು ಸಲವೂ ಬಸ್ಸು ಹತ್ತಿಲ್ಲ ಎಂದು ಆಗ ಹೇಳಲಿಲ್ಲ. ಜನವರಿಯಲ್ಲಿ ಆ ಬಸ್ಸುಗಳನ್ನು ನನಗೆ ಕಲಿಸಿದವಳು ಅವಳೇ.

ಗಂಡ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ನೀವು ಹೋಟೆಲಿಗೆ ಹೋಗಿ, ನಾನು ಅಲ್ಲಿಗೇ ಬರುತ್ತೇನೆ ಎಂದ. ಮೂವರೂ ಗೇಟಿನಿಂದ ಹೊರಗೆ ಬಂದೆವು. ಎದುರಿಗೆ ಅದೇ ರಸ್ತೆ, ಅದರಾಚೆ ನಮ್ಮ ಹೋಟೆಲು, ನಮ್ಮ ಕಿಟಕಿ ಕೂಡ ಕಾಣುತ್ತಿತ್ತು. ರೂಮಿನ ದೀಪ ಆರಿಸದೆ ಬಂದಿದ್ದೆ. ನಾನು ಫೋನು ತೆಗೆದು ಟ್ಯಾಕ್ಸಿ ಬುಕ್ ಮಾಡಲು ಹೋದೆ.

“ಅದನ್ನ ಒಳಗಿಡು,” ಎಂದಳು ಅಕ್ಕ. ಎಡಗೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬಲಗೈ ಎತ್ತಿದಳು.

ಟ್ಯಾಕ್ಸಿ ನಿಂತಿತು.