ಗೋರಿಯ ಮುಂದೆ ತೊಡೆ ತಟ್ಟಿದವನು

ನಮ್ಮ ಅಪ್ಪನಿಗೆ ಕುಸ್ತಿಯ ಹುಚ್ಚು. ಆಡುವ ಹುಚ್ಚಲ್ಲ, ನೋಡುವ ಹುಚ್ಚು. ಬೆಳಗಾವಿ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅವನು ಸಕ್ಕರೆ ಚೀಲ ಸರಿಸಬೇಕಾದರೂ ಹಮಾಲನನ್ನು ಕೂಗುತ್ತಿದ್ದ. ಆದರೆ ಸಂಜೆ ಹಿಂದವಾಡಿಯ ಮನೆಗೆ ಬಂದು ಕಟ್ಟೆಯ ಮೇಲೆ ಕೂತನೆಂದರೆ, ಯಾವ ಪೈಲವಾನ ಎಲ್ಲಿ ತಪ್ಪಿದ, ಯಾವ ಪಟ್ಟು ಹಾಕಿದ್ದರೆ ಗೆಲ್ಲುತ್ತಿದ್ದ ಎಂದು ತಾನೇ ಅವರಿಗೆಲ್ಲ ಕಲಿಸಿದವನ ಹಾಗೆ ಹೇಳುತ್ತಿದ್ದ. ಓಣಿಯ ನಾಲ್ಕು ಜನ ಬಾಯಿ ತೆರೆದು ಕೇಳುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಆಗಷ್ಟೇ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮೂರಲ್ಲಿ ಗರಡಿಮನೆಗೆ ತಾಲೀಮು ಎನ್ನುತ್ತಾರೆ. ತಾಲೀಮಿನ ಒಳ್ಳೆಯ ಪೈಲವಾನನಿಗೆ ಕುಸ್ತಿ ಶೌಕೀನರು ಖುರಾಕು ಕೊಡುವುದು ರೂಢಿ. ಒಬ್ಬರು ಹಾಲು ಕಳಿಸಿದರೆ ಇನ್ನೊಬ್ಬರು ತುಪ್ಪ. ಅಪ್ಪ ಒಪ್ಪಿಕೊಂಡದ್ದು ಬಾದಾಮಿಯ ಥಂಡಾಯಿ. ಒಪ್ಪಿಕೊಂಡವನು ಅಪ್ಪ, ಅರೆಯುವವಳು ನಾನು. ನೆನೆಸಿದ ಬಾದಾಮಿಯ ಸಿಪ್ಪೆ ತೆಗೆದು, ಗಸಗಸೆ, ಬಡೆಸೋಪು, ನಾಲ್ಕು ಮೆಣಸು ಹಾಕಿ ಒರಳಲ್ಲಿ ನುಣ್ಣಗೆ ಅರೆದು ಹಾಲಿಗೆ ಕದಡಿ ಕೊಟ್ಟರೆ, ಅಪ್ಪ ಹಿತ್ತಾಳೆಯ ತಂಬಿಗೆಯನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ತಾಲೀಮಿಗೆ ಹೊರಡುತ್ತಿದ್ದ. ಹೆಂಗಸರು ಕುಸ್ತಿಯ ಕಣದ ಕಡೆ ಸುಳಿಯುವಂತಿರಲಿಲ್ಲ. ನನ್ನ ರಟ್ಟೆ ಸೋತು ಬೆಳೆದ ಆ ಪೈಲವಾನನ ರಟ್ಟೆಯನ್ನು ಊರೆಲ್ಲ ನೋಡಿತು, ನಾನೊಬ್ಬಳು ನೋಡಲಿಲ್ಲ. ಈ ಸಿಟ್ಟು ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಆ ಪೈಲವಾನ ಒಬ್ಬ ಮುಸಲ್ಮಾನ ಟಾಂಗಾದವರ ಮಗ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಮನೆಯಲ್ಲೇ ಶಾವಿಗೆ ಮಾಡಿ ಮಾರಿ ಅವನನ್ನು ಬೆಳೆಸಿದವರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ಮಗ ಬಿದ್ದರೆ ನೋಡಲಾಗದು ಎಂದು ಚಾಚಿಯೂ ಎಂದೂ ಕುಸ್ತಿ ನೋಡಿದವರಲ್ಲ.

ಅವನಿಗೆ ಸರಿಜೋಡಿ ಎಂದರೆ ಖಾನಾಪುರದ ತಾಲೀಮಿನ ಒಬ್ಬ ಮರಾಠಾ ಪೈಲವಾನ, ಜಾಂಬೋಟಿ ಕಡೆಯ ಗದ್ದೆಯವರ ಮಗ. ಇಬ್ಬರೂ ಎಷ್ಟೋ ವರ್ಷ ಒಬ್ಬರನ್ನೊಬ್ಬರು ಕೆಡವುತ್ತ ಬಂದಿದ್ದರು. ಖಾನಾಪುರದವನ ಹೆಸರು ಎತ್ತಿದರೆ ಅಪ್ಪ ತಾಟು ಸರಿಸಿ ಎದ್ದುಬಿಡುತ್ತಿದ್ದ. ಕೊನೆಯ ಸಲ ಇಬ್ಬರೂ ಹಿಡಿದ ಕುಸ್ತಿ ಹೊತ್ತು ಮುಳುಗಿದರೂ ತೀರಲಿಲ್ಲ, ಪಂಚರು ಬರೋಬರಿ, ಸಮಸಮ ಎಂದು ಬಿಡಿಸಿದರು. ಯುಗಾದಿ ಆದ ಮೇಲೆ ಮತ್ತೆ ಕುಸ್ತಿ ಎಂದು ಗೊತ್ತುಮಾಡಿದರು. ಅಷ್ಟರಲ್ಲಿ ನಮ್ಮವನಿಗೆ ಕಾಮಾಲೆ ಬಂತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಜ್ವರ. ಕಲ್ಲಿನಂಥ ದೇಹ ಹೋಳಿಹುಣ್ಣಿಮೆಯವರೆಗೂ ಉಳಿಯಲಿಲ್ಲ.

ದಫನಿಗೆ ನಾನು ಹೋಗಿರಲಿಲ್ಲ. ಅಲ್ಲಿ ನಡೆದದ್ದನ್ನು ನಾಲ್ಕು ಜನರ ಬಾಯಲ್ಲಿ ಕೇಳಿದ್ದೇನೆ, ನಾಲ್ವರೂ ಒಂದೇ ಮಾತು ಹೇಳಿದ್ದರಿಂದ ಅದು ಖರೆ ಇರಬೇಕು. ತಾಲೀಮಿನ ಗುರುಗಳಾದ ವಸ್ತಾದರು ಕಣದ ಕೆಮ್ಮಣ್ಣನ್ನು ಬುಟ್ಟಿಯಲ್ಲಿ ತುಂಬಿಸಿ ತಂದಿದ್ದರು. ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ಮೆತ್ತಗಾದ ಮಣ್ಣು. ಮೌಲ್ವಿಗಳು ಬುಟ್ಟಿಯೊಳಗೆ ನೋಡಿ, ಮಣ್ಣು ಮಣ್ಣೇ ಅಲ್ಲವೇ ಎಂದರಂತೆ. ಬಂದವರೆಲ್ಲ ಸಾಲಾಗಿ ಮುಷ್ಟಿ ಮಣ್ಣು ಹಾಕಿದರು. ಸಾಲಿನ ಕೊನೆಯಲ್ಲಿ ಖಾನಾಪುರದವನಿದ್ದ. ಅವನೂ ಎಲ್ಲರಂತೆ ಹಾಕಿದ. ಆಮೇಲೆ ಇನ್ನೊಂದು ಚಿಟಿಕೆ ತೆಗೆದುಕೊಂಡು ತನ್ನ ಎದೆಗೆ, ತೋಳಿಗೆ ಹಚ್ಚಿಕೊಂಡು, ಗೋರಿಯ ಮುಂದೆ ನಿಂತು ಒಮ್ಮೆ ತೊಡೆ ತಟ್ಟಿದ. ಕುಸ್ತಿಗೆ ಮೊದಲು ಎದುರಾಳಿಯನ್ನು ಕರೆಯುವುದು ಹೀಗೇ.

ಜನ ಕೆರಳಿದರು. ಸತ್ತವನ ಮುಂದೆ ಸವಾಲೇ ಎಂದು ಅವನ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದರು. ಮುಂದೆ ನಿಂತು ದಬ್ಬಿದವರಲ್ಲಿ ಅಪ್ಪನೂ ಒಬ್ಬ. ಮನೆಗೆ ಬಂದು ಅದನ್ನು ಹೆಮ್ಮೆಯಿಂದಲೇ ಹೇಳಿದ. ಆ ಪೈಲವಾನ ಖಾನಾಪುರಕ್ಕೆ ಹೋಗಿ, ಇನ್ನು ಮಣ್ಣಿಗೆ ಇಳಿಯುವುದಿಲ್ಲ ಎಂದು ಆಣೆ ಮಾಡಿ, ಹಂಚಿನ ಭಟ್ಟಿಯಲ್ಲಿ ಕೂಲಿಗೆ ಸೇರಿಕೊಂಡ ಎಂದು ಸುದ್ದಿ ಬಂತು.

ಇತ್ತ ನಮ್ಮ ಶೌಕೀನರು ಸಭೆ ಸೇರಿ, ವರ್ಷದ ತನಕ ತಾಲೀಮಿನಲ್ಲಿ ಯಾರೂ ಕುಸ್ತಿ ಹಿಡಿಯಬಾರದು ಎಂದು ಠರಾವು ಮಾಡಿದರು. ಕಣದ ಮೇಲೆ ಸತ್ತವನ ದೊಡ್ಡ ಫೋಟೋ ತೂಗುಹಾಕಿ, ಪ್ರತಿ ಶುಕ್ರವಾರ ಮಲ್ಲಿಗೆ ಮಾಲೆ, ಊದುಬತ್ತಿ. ಮೊದಲ ತಿಂಗಳು ಫೋಟೋ ಮುಂದೆ ನಿಲ್ಲಲು ಜಾಗವಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮಾಲೆಯವನು ಮತ್ತು ಅಪ್ಪ, ಇಬ್ಬರೇ. ಅಗೆಯುವವರಿಲ್ಲದೆ ಕಣದ ಮಣ್ಣು ಗಟ್ಟಿಯಾಗಿ ಬಿರುಕು ಬಿಟ್ಟಿತು. ಕಲಿಯುವ ಹುಡುಗರು ಬೇರೆ ತಾಲೀಮು ಹುಡುಕಿಕೊಂಡರು, ಕೆಲವರು ವಾಲಿಬಾಲ್ ಆಡತೊಡಗಿದರು. ವಸ್ತಾದರು ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು.

ಅಪ್ಪ ಮಾತ್ರ ಬಾದಾಮಿ ನೆನೆಹಾಕುವುದನ್ನು ಬಿಡಲಿಲ್ಲ. ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಬೆಳಗ್ಗೆ ನೋಡಿದರೆ ಬಟ್ಟಲು ತುಂಬ ಉಬ್ಬಿದ ಬಾದಾಮಿ. ಚೆಲ್ಲಲು ಮನಸ್ಸಿಲ್ಲ, ಕೊಡಲು ಪೈಲವಾನನಿಲ್ಲ. ಬಟ್ಟಲು ಮುಂದಿಟ್ಟುಕೊಂಡು ಕಡೆಗೆ ತಾನೇ ತಿಂದು ಅಂಗಡಿಗೆ ಹೋಗುತ್ತಿದ್ದ. ಖುರಾಕು ಹತ್ತಿದ್ದೇನೋ ಹತ್ತಿತು, ಎಲ್ಲ ಹೊಟ್ಟೆಗೇ ಹತ್ತಿತು. ನನಗೆ ನಗುವೂ ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ಒಂದು ದಿನ ರೇಗಿಬಿಟ್ಟೆ.

"ಅಪ್ಪಾ, ಫೋಟೋ ಏನ್ ಬಾದಾಮಿ ತಿಂತೈತೇನು? ಊರ ತುಂಬ ಪೈಲವಾನರು ಅದಾರ. ಯಾರಿಗರೆ ಕೊಡು."

"ಯಾರಿಗೆ ಕೊಡ್ಲಿ? ಅವನಂಥಾಂವ ಯಾರದಾನ ಹೇಳು."

ಅದಾದ ಕೆಲವು ದಿನಕ್ಕೆ ಚಾಚಿ ನಮ್ಮ ಮನೆಗೆ ಬಂದರು. ಸೆರಗಿನ ಕೆಳಗೆ ನಮ್ಮ ಹಿತ್ತಾಳೆಯ ತಂಬಿಗೆ. ಕಾಯಿಲೆಯ ದಿನಗಳಲ್ಲಿ ಅಪ್ಪ ಒಯ್ದು ಕೊಟ್ಟದ್ದು ಅವರ ಮನೆಯಲ್ಲೇ ಉಳಿದಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿ ತಂದಿದ್ದರು. ಅಪ್ಪನಿಗೆ ಅದನ್ನು ಕೈಯಲ್ಲಿ ಹಿಡಿಯಲೂ ಆಗಲಿಲ್ಲ. ಚಾಚಿ ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಚಹಾ ಕುಡಿಯುತ್ತ ಕೇಳಿದರು.

"ಅಣ್ಣಾ, ಆ ಖಾನಾಪುರದ ಹುಡುಗ ಏನ್ ಮಾಡ್ತಾನ ಈಗ? ಕುಸ್ತಿ ಹಿಡಿತಾನಿಲ್ಲೋ?"

"ಆ ಹರಾಮಖೋರನ ಮಾತ ಯಾಕ ತಂಗೆವ್ವಾ? ಬಿಟ್ಟಾನಂತ. ನಿನ್ನ ಮಗನ ಗೋರಿ ಮುಂದ ತೊಡಿ ತಟ್ಟಿದಾಂವ ಅಂವ."

"ಗೊತ್ತದ. ತಟ್ಟಿದ್ರ ಏನಾತು?" ಚಾಚಿಯ ದನಿ ಗಡುಸಾಯಿತು. "ಜ್ವರದಾಗ ನನ್ನ ಮಗ ನನ್ನ ಕರದದ್ದು ಕಡಿಮಿ, ಅವನ ಹೆಸರ ಹಿಡದದ್ದು ಹೆಚ್ಚ. ಅವಗ ತಯಾರ್ ಇರಾಕ ಹೇಳು ಅಮ್ಮಾ, ನಾ ಎದ್ದ ಬರ್ತೀನಿ, ಇದೊಂದ ಮಾತು. ನನಗ ಹೇಳಿ ಕಳಸಾಕ ಆಗಲಿಲ್ಲ. ಆ ಹುಡುಗ ಹೇಳಿ ಕಳಸದಿದ್ರೂ ಬಂದು, ನಾ ತಯಾರ್ ಅದೀನಿ ಅಂತ ತೊಡಿ ತಟ್ಟಿ ಹೋದ. ನೀವು ಹೊರಗ ದಬ್ಬಿದ್ರಿ."

ಅಪ್ಪ ತಂಬಿಗೆಯನ್ನು ಕೈಗೆತ್ತಿಕೊಂಡು, "ಹಂಗಾರ ಹೋಗೂಣು ತಂಗೆವ್ವಾ, ನಾಳಿಗೇ ಹೋಗೂಣು" ಎಂದ.

ಮರುದಿನ ಭಾನುವಾರ. ಥಂಡಾಯಿ ಅರೆದು ತಂಬಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೂವರೂ ಪ್ಯಾಸೆಂಜರ್ ರೈಲು ಹತ್ತಿದೆವು. ಖಾನಾಪುರದಲ್ಲಿ ಇಳಿದು ಕೇಳುತ್ತ ಹೋದರೆ ಹಂಚಿನ ಭಟ್ಟಿಯ ಹಿಂದೆ ಅವನ ಮನೆ. ಅಂಗಳದಲ್ಲಿ ಭತ್ತದ ಹುಲ್ಲಿನ ರಾಶಿ, ಅದರ ಬಾಜೂಕ ಒಂದು ಎಮ್ಮೆ. ನಾನು ಯಾವುದೋ ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಹೊರಗೆ ಬಂದದ್ದು ನಾಚಿಕೆಯ ಮುಖದ ಒಬ್ಬ ಗಂಡಸು, ಮೊಣಕಾಲಿನವರೆಗೂ ಜೇಡಿಮಣ್ಣು. ಚಾಚಿ ಯಾರೆಂದು ತಿಳಿದ ಕೂಡಲೇ ಅವರ ಕಾಲು ಹಿಡಿದ.

"ಆಯಿ, ನಾ ತಪ್ಪ ಮಾಡಾಕಂತ ಮಾಡಿದ್ದಲ್ರಿ. ಕುಸ್ತಿ ಅರ್ಧಾ ಉಳದಿತ್ತು. ಹಂಗ ಕಳಸಾಕ ಮನಸ ಬರಲಿಲ್ಲ."

"ಅದಕ್ಕ ಬಂದೀನಿ ಮಗಾ. ಮತ್ತ ಹಿಡಿ."

"ಇಲ್ಲ ಆಯಿ. ನನ್ನ ಜೋಡಿನ ಹೋತು. ಯಾರ ಜೋಡಿ ಹಿಡೀಲಿ?"

ಚಾಚಿ ಒತ್ತಾಯ ಮಾಡಲಿಲ್ಲ. ಹುಲ್ಲಿನ ರಾಶಿಗೆ ಒರಗಿ ಕೂತು ಬೇರೆಯದೇ ಕೇಳಿದರು. "ನಾ ನನ್ನ ಮಗನ ಕುಸ್ತಿ ಒಮ್ಮೆನೂ ನೋಡಿಲ್ಲ. ಅಂವ ನಿನ್ನ ಹೆಂಗ ಕೆಡವತಿದ್ದ, ತೋರಸತಿ?"

ಅವನು ಒಮ್ಮೆ ನೆಲ ನೋಡಿದ, ಒಮ್ಮೆ ನಮ್ಮನ್ನು ನೋಡಿದ. ತೋರಿಸಲು ಎದುರಿಗೊಬ್ಬ ಬೇಕಲ್ಲ. ನಾನು ಅಪ್ಪನ ಕಡೆ ನೋಡಿದೆ, ಎಮ್ಮೆಯೂ ನೋಡಿತು. ಅಪ್ಪ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಧೋತರದ ಕಚ್ಚೆ ಬಿಗಿದು, "ಬಾರಪಾ" ಎಂದ. ಮುಂದೆ ಆದದ್ದು ಕಣ್ಣಿಗೆ ಸರಿಯಾಗಿ ಕಾಣಲೂ ಇಲ್ಲ. ಆ ಪೈಲವಾನ ಅಪ್ಪನ ಎಡತೋಳಿನ ಕೆಳಗೆ ನುಸುಳಿದ, ಮರುಗಳಿಗೆಗೆ ಅಪ್ಪ ಅವನ ಹೆಗಲ ಮೇಲೆ ಅಡ್ಡಲಾಗಿ ಗೋಧಿಯ ಚೀಲದಂತೆ ತೂಗುತ್ತಿದ್ದ. ಅವನು ಕೂಸನ್ನು ಮಲಗಿಸುವ ಹಾಗೆ ಅಪ್ಪನನ್ನು ಹುಲ್ಲಿನ ಮೇಲೆ ಮಲಗಿಸಿದ.

"ಇದಕ್ಕ ಕಲಾಜಂಗ ಅಂತಾರ ಆಯಿ. ಎಲ್ಲಾರೂ ಬಲಕಿನಿಂದ ಹಾಕ್ತಾರ. ನಿಮ್ಮ ಮಗ ಎಡಚ, ಎಡಕಿನಿಂದ ಹಾಕ್ತಿದ್ದ. ನಾ ಬಲಗೈಯಾಂವ. ಬಿದ್ದ ಬಿದ್ದ ಕಲತೀನಿ."

ಹುಲ್ಲಿನಲ್ಲಿ ಬಿದ್ದಲ್ಲಿಂದಲೇ ಅಪ್ಪ, "ಖರೇ ಐತಿ! ಅವಂದ ಐತಿ ಇದು! ಹಂಗ ಐತಿ!" ಎಂದು ಕೂಗಿದ. ಮೀಸೆಯಲ್ಲಿ ಹುಲ್ಲು, ಕಣ್ಣಲ್ಲಿ ನೀರು. ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು. ನಾನೂ ಅತ್ತೆ, ನಾಚಿಕೆ ಏನು. ಇನ್ನೊಮ್ಮೆ ತೋರಿಸು ಎಂದು ಚಾಚಿ ಹೇಳಿದರು. ಅಪ್ಪ ತಾನಾಗಿ ಎದ್ದು ನಿಂತ.

ಎರಡನೆಯ ಸಲ ನೋಡಿದ ಮೇಲೆ ಚಾಚಿ ತಂಬಿಗೆಯ ಬಟ್ಟೆ ಬಿಚ್ಚಿ ಅವನ ಕೈಗಿತ್ತರು. "ಊರಾಗ ನನ್ನ ಮಗನ ಫೋಟೋ ಇಟ್ಟಾರ. ಅದು ಮುಖ ಅಷ್ಟ. ಅವನ ಕುಸ್ತಿ ನಿನ್ನ ಮೈಯಾಗ ಐತಿ ಮಗಾ. ನೀ ಬಿಟ್ರ ಅದೂ ಹೋಗ್ತದ." ಅವನು ತಂಬಿಗೆ ಎತ್ತಿ ಒಂದೇ ಉಸಿರಿಗೆ ಕುಡಿದ.

ಅವನನ್ನು ನಮ್ಮ ತಾಲೀಮಿಗೇ ಕರೆಸೋಣ ಎಂದು ಅಪ್ಪ ಹೇಳಿದ, ಆದರೆ ಊರಲ್ಲಿ ಇದು ಸುಲಭವಾಗಿ ನಡೆಯಲಿಲ್ಲ. ವರ್ಷ ತುಂಬುವ ಮೊದಲೇ ಕಣ ಅಗೆಯುವುದೇ, ಅದೂ ಅವನಿಗಾಗಿಯೇ ಎಂದು ಅರ್ಧ ಜನ ಹರಿಹಾಯ್ದರು. ಅಪ್ಪನನ್ನು ದ್ರೋಹಿ ಎಂದವರೂ ಇದ್ದರು. ವಸ್ತಾದರು ಬೀಡಿ ಎಸೆದು, ಗುದ್ದಲಿ ತೆಗೆದುಕೊಂಡು ಒಳಗೆ ಹೋಗಿ ಗಟ್ಟಿ ಮಣ್ಣಿಗೆ ಮೊದಲ ಏಟು ಹಾಕಿದರು. ಹೊರಗೆ ಜಗಳವಾಡುತ್ತಿದ್ದವರೇ ಒಬ್ಬೊಬ್ಬರಾಗಿ ಹೋಗಿ ಕೈಹಚ್ಚಿದರು. ಖಾನಾಪುರದವನು ವಾರವಾರ ಬಂದು ಅಲ್ಲಿ ತಾಲೀಮು ಮಾಡತೊಡಗಿದ, ವಾಲಿಬಾಲಿನ ಹುಡುಗರೂ ಮರಳಿದರು. ನನಗೆ ಅರೆಯುವ ಕೆಲಸ ಮತ್ತೆ ಬಂತು, ಬೈದುಕೊಳ್ಳುತ್ತ ಖುಷಿಯಿಂದಲೇ ಅರೆದೆ.

ವರ್ಷ ತುಂಬಿದ ಮೇಲೆ ಸತ್ತವನ ನೆನಪಿಗೆ ಬಯಲಿನಲ್ಲಿ ದೊಡ್ಡ ಕುಸ್ತಿ ಇಟ್ಟರು. ಕೊನೆಯ ಜೋಡಿ ಖಾನಾಪುರದವನಿಗೂ ಕೊಲ್ಲಾಪುರ ಕಡೆಯಿಂದ ಬಂದ ಹೆಸರಾಂತ ಪೈಲವಾನನಿಗೂ. ಚಾಚಿ ತಾವು ನೋಡಲೇಬೇಕು ಎಂದು ಹಟ ಹಿಡಿದರು. ಅವರಿಗೆ ಜೊತೆ ಬೇಕು ಎಂದು ನಾನೂ ಹೊರಟೆ, ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಕಣದ ಅಂಚಿಗೆ ನಮಗೊಂದು ಬೆಂಚು ಹಾಕಿದರು. ಸಾವಿರಾರು ಗಂಡಸರ ನಡುವೆ ಹೆಂಗಸರು ನಾವಿಬ್ಬರೇ.

ಹಲಗೆವಾದ್ಯ ಬಡಿಯುತ್ತಿದ್ದರು. ಖಾನಾಪುರದವನು ಮಣ್ಣಿಗೆ ಇಳಿದಾಗ ಚಪ್ಪಾಳೆ ಬೀಳಲಿಲ್ಲ. ಗೋರಿಯ ಸಿಟ್ಟು ಇನ್ನೂ ಕೆಲವರಲ್ಲಿತ್ತು. ಕೊಲ್ಲಾಪುರದವನು ಆನೆಯಂಥ ಆಳು, ಮೊದಲಿನಿಂದಲೂ ಇವನನ್ನು ಅದುಮಿಯೇ ಹಿಡಿದ. ಇವನ ಮೊಣಕಾಲು ಎರಡು ಸಲ ನೆಲಕ್ಕೆ ತಾಗಿತು. ಇವತ್ತು ಸೋತರೆ ಇವನು ಮತ್ತೆ ಖಾನಾಪುರ ಬಿಟ್ಟು ಬರುವವನಲ್ಲ ಎಂದು ನನಗೆ ಗೊತ್ತಿತ್ತು. ಚಾಚಿ ನನ್ನ ಮಣಿಕಟ್ಟು ಹಿಡಿದಿದ್ದರು, ಬಳೆ ಒತ್ತಿ ನೋಯುತ್ತಿತ್ತು. ಹೀಗೇ ಎಷ್ಟು ಹೊತ್ತು ನಡೆಯಿತೋ, ಎದುರಾಳಿ ಇವನ ಕೊರಳಿಗೆ ಕೈಹಾಕಲು ಎಡತೋಳು ಎತ್ತಿದ. ಇವನು ಅದರ ಕೆಳಗೆ ನುಸುಳಿಬಿಟ್ಟ.

ಆ ದೊಡ್ಡ ಮೈ ಹೆಗಲ ಮೇಲೇರಿ ಬೆನ್ನಡಿಯಾಗಿ ಮಣ್ಣಿಗೆ ಬಿತ್ತು. ನೋಡಿದ ಎಲ್ಲರಿಗೂ ಅದು ಯಾರ ಪಟ್ಟು ಎಂದು ಗೊತ್ತಾಗಿತ್ತು. ಮರುಕ್ಷಣ ಸಾವಿರ ಕೊರಳು ಸತ್ತವನ ಹೆಸರನ್ನು ಕೂಗಿದವು. ಒಂದು ವರ್ಷ ಪಿಸುಮಾತಿನಲ್ಲಿ ಹೇಳುತ್ತಿದ್ದ ಹೆಸರು ಟೋಪಿ, ರುಮಾಲುಗಳ ಜೊತೆ ಮೇಲಕ್ಕೆ ಹಾರಿತು. ಕಣದ ನಡುವೆ ಖಾನಾಪುರದವನು ಏದುಸಿರು ಬಿಡುತ್ತ ಒಬ್ಬನೇ ನಿಂತಿದ್ದ. ಅವನ ಮುಖದಲ್ಲಿ ಬೇಸರವಿರಲಿಲ್ಲ. ಆ ಹೆಸರಿಗೆ ಅವನೂ ತಲೆಬಾಗಿ ಕೈಮುಗಿದ.

ಚಾಚಿ ನನ್ನ ಕೈ ಬಿಟ್ಟು ಬೆಂಚಿನ ಮೇಲೆ ಹತ್ತಿ ನಿಂತರು. ಸೆರಗು ತಲೆಯಿಂದ ಜಾರಿದ್ದೂ ಅವರಿಗೆ ತಿಳಿಯಲಿಲ್ಲ.

"ಏಯ್! ಗೆದ್ದಾಂವ ಇಲ್ಲೆ ನಿಂತಾನ! ಅವನ ಹೆಸರ ಒದರ್ರಿ!"

ಹತ್ತಿರದವರು ತಿರುಗಿ ನೋಡಿದರು, ಗದ್ದಲ ತಗ್ಗಿತು. ಆಗ ಜನರ ನಡುವಿನಿಂದ ಒಡೆದ ದನಿಯೊಂದು ಖಾನಾಪುರದವನ ಹೆಸರು ಹಿಡಿದು ಕೂಗಿತು. ಯಾರೆಂದು ನಾನು ತಿರುಗಿ ನೋಡಬೇಕಾಗಿರಲಿಲ್ಲ, ಅದು ನಮ್ಮ ಅಪ್ಪನ ದನಿ. ಅಪ್ಪ ಇನ್ನೊಮ್ಮೆ ಕೂಗಿದ. ಆಮೇಲೆ ಇಡೀ ಬಯಲು ಕೂಗಿತು.