ಪರದೆ ಸಿಸ್ಟರ್

ಆ ವಾರ್ಡಿನಲ್ಲಿ ಆಕೆಗೆ ಪರದೆ ಸಿಸ್ಟರ್ ಎಂದೇ ಹೆಸರು. ಯಾರಾದರೂ ಸತ್ತರೆ ಸರ್ರನೆ ಪರದೆ ಎಳೆದು, ಮನೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಕೈಗೆ ಚಹಾ ಕೊಟ್ಟು, ಬಾಗಿಲಲ್ಲಿ ತಾನೇ ಕಾವಲು ನಿಲ್ಲುತ್ತಿದ್ದಳು. ದೊಡ್ಡ ಡಾಕ್ಟರೂ ಆಕೆಯನ್ನು ದಾಟಿ ಒಳಗೆ ಕಾಲಿಡುವ ಹಾಗಿರಲಿಲ್ಲ. ಊರೆಲ್ಲ ಆಕೆಯನ್ನು ದೇವತೆ ಎನ್ನುತ್ತದೆ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ.

ನಮ್ಮಣ್ಣ ಕ್ಷೌರಿಕ. ಅವನ ಹೊಟ್ಟೆಯಲ್ಲಿದ್ದ ಗಡ್ಡೆ ತೀರಾ ಅಪರೂಪದ್ದು ಎಂದು ಡಾಕ್ಟರುಗಳೇ ಹೇಳಿದ್ದರು. ಔಷಧಿ ನಿಲ್ಲಿಸಿದ ಮೇಲೆ ಉದುರಿದ್ದ ಕೂದಲು ಮತ್ತೆ ಬಂದಿತ್ತು. ದಿನಾ ಬೆಳಿಗ್ಗೆ ಅದನ್ನು ಬಾಚುತ್ತಿದ್ದವಳು ಸಿಸ್ಟರೇ. ಬೆನ್ನು ಒರೆಸುವುದು, ಹಾಸಿಗೆ ಬದಲಿಸುವುದು, ಯಾವುದರಲ್ಲೂ ಕೊರತೆ ಹೇಳುವಂತಿರಲಿಲ್ಲ. ನನ್ನ ಹೊಟ್ಟೆಯುರಿಗೆ ಅದೂ ಒಂದು ಕಾರಣ. ಆಕೆ ಬಾಚಿ ಹೋದ ಮೇಲೆ ಅಣ್ಣ ಕನ್ನಡಿ ಕೇಳಿ ನೋಡಿಕೊಂಡು, ಒಮ್ಮೆ ನಕ್ಕು ಸುಮ್ಮನಾಗುತ್ತಿದ್ದ.

ಒಂದು ದಿನ ಲ್ಯಾಬಿನ ಹೆಂಗಸೊಬ್ಬಳು ವಾರ್ಡಿನ ಬಾಗಿಲಿಗೆ ಬಂದಳು. ಸತ್ತ ಮೇಲೆ ಗಡ್ಡೆಯ ಚೂರನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡುವಿರಾ ಎಂದು ರೋಗಿಗಳನ್ನು ಕೇಳಲು ಅವಳಿಗೆ ಅಪ್ಪಣೆ ಬೇಕಿತ್ತು.

“ನನ್ನ ಪೇಷೆಂಟುಗಳು ಇನ್ನೂ ಉಸಿರಾಡ್ತಿದ್ದಾರೆ. ಹದ್ದಿನ ಹಾಗೆ ಸುತ್ತಬೇಡಿ, ನಡೀರಿ,” ಎಂದಳು ಸಿಸ್ಟರ್.

ಅಣ್ಣನ ಕಿವಿಗೆ ಅದು ಬಿತ್ತು. ಗಿರಾಕಿಗಳ ಮನೆಕಥೆಯನ್ನೆಲ್ಲ ಕೇಳಿ ಪಳಗಿದ ಕಿವಿ ಅದು. “ಸಿಸ್ಟರ್, ನಂದು ಕೊಡಿ,” ಎಂದ. “ಇಷ್ಟು ವರ್ಷ ಕತ್ತರಿಸಿದ್ದನ್ನೆಲ್ಲ ಗುಡಿಸಿ ಎಸೆದಿದ್ದೀನಿ. ಇದೊಂದಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರಲಿ.”

“ಆಯ್ತು, ಅವರಿಗೆ ಹೇಳ್ತೀನಿ. ಈಗ ಮಲಗಿ.”

ಆಮೇಲೆ ನನಗೂ ಹೇಳಿದ: “ಮರೀಬೇಡ ಕಣೇ. ಪ್ರಾಣ ಹೋದ ಕೆಲವೇ ಗಂಟೆಯೊಳಗೆ ತಗೋಬೇಕಂತೆ.”

ಅವನು ಹೋದದ್ದು ಬೆಳಿಗ್ಗೆ. ಪರದೆ ಬಿತ್ತು. “ಸಿಸ್ಟರ್, ಲ್ಯಾಬಿನವರು...” ಎಂದೆ. “ಎಲ್ಲಾ ಆಗುತ್ತೆ, ನೀವು ಕೂತ್ಕೊಳ್ಳಿ ತಾಯಿ,” ಎಂದು ಆಕೆ ಬಾಗಿಲು ಮುಚ್ಚಿದಳು. ಹೊರಗೆ ಫೋನು ಬಡಿದುಕೊಂಡಿತು. ಚಹಾ ಬಂತು. ಗೋಡೆಯಾಚೆ ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ. ತೊಂದರೆಯಾಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಎಂಥ ಪೆದ್ದಿ ನಾನು!

ಊರಿಗೆ ಒಯ್ಯುವ ಗಾಡಿ ಬರುವುದು ರಾತ್ರಿಗೆ, ಅಲ್ಲಿಯವರೆಗೆ ಅಣ್ಣ ಪರದೆಯ ಹಿಂದೆಯೇ ಇದ್ದ. ಸಂಜೆಯಾದರೂ ಯಾರೂ ಕರೆಯಲಿಲ್ಲ. ಎದ್ದವಳೇ ಕೆಳಗಿನ ಲ್ಯಾಬಿಗೆ ಹೋದೆ.

“ಮನೆಯವರು ಬೇಡ ಅಂದ್ರು ಅಂತ ಸಿಸ್ಟರ್ ಬೆಳಿಗ್ಗೆನೇ ಹೇಳಿದ್ರಲ್ಲ,” ಎಂದಳು ಆ ಹೆಂಗಸು. “ಆ ವಾರ್ಡಿಂದ ಯಾವತ್ತೂ ಅದೇ ಉತ್ತರ. ಈಗ ತಡವಾಯ್ತಮ್ಮ. ಇನ್ನು ತಗೊಂಡ್ರೂ ಪ್ರಯೋಜನ ಇಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮೆಟ್ಟಿಲು ಹತ್ತಿ ಹೋಗಿ ಸಿಸ್ಟರ್ ಎದುರು ನಿಂತೆ.

“ನಾವು ಬೇಡ ಅಂದಿದ್ದು ಯಾವಾಗ?” ಎಂದೆ.

ಸಿಸ್ಟರ್ ತಲೆ ತಗ್ಗಿಸಲಿಲ್ಲ. “ನಮ್ಮಮ್ಮನ ಮೈ ಆರೋ ಮೊದಲೇ ನನ್ನ ಮುಂದೆ ಬಂದು ಕೇಳಿದ್ರು, ಅವರ ದೇಹದಿಂದ ಒಂದು ಚೂರು ತಗೋಬಹುದಾ ಅಂತ. ಆ ಸಂಕಟ ನನಗೆ ಗೊತ್ತು. ನಿಮಗೆ ಅದು ಬೇಡ ಅಂತ ಮಾಡಿದೆ.”

“ನಿಮ್ಮನ್ನ ಕೇಳಿದ್ರು, ನೀವು ಉತ್ತರ ಕೊಟ್ರಿ. ನಮ್ಮಣ್ಣ ಬಾಯಿಬಿಟ್ಟು ಹೇಳಿದ್ನಲ್ಲ!”

“ಸಾಯೋರು ಏನೇನೋ ಹೇಳ್ತಾರಮ್ಮ.”

ಇಷ್ಟು ಹೇಳಿ ಆಕೆ ಪರದೆ ಸರಿಸಿದಳು. ಎಂದಿನಂತೆ ಮೃದುವಾಗಿ ಅಣ್ಣನ ತಲೆ ಎತ್ತಿ ಹಿಡಿದು ಬಾಚತೊಡಗಿದಳು. ನಾನು ಬಾಚಣಿಗೆ ಕಿತ್ತುಕೊಂಡೆ.

“ಅವನು ಬೈತಲೆ ತೆಗೀತಿದ್ದದ್ದು ಬಲಗಡೆ,” ಎಂದೆ. “ನೀವು ದಿನಾ ಎಡಗಡೆ ತೆಗೆದ್ರಿ. ಕ್ಷೌರಿಕನ ತಲೆ ಅದು, ಸಿಸ್ಟರ್. ಒಂದು ಸಲ ಅವನನ್ನೇ ಕೇಳಬಹುದಿತ್ತು.”